ಹಸಿರು ತ್ರಿಕೋನ ಹೇಳದ ಮಾತು



ಈ ಸಲ ಧಾರಣೆಯ ವಿಷಯ ಬರೆಯುವುದಿಲ್ಲ. ಭೀಮಸಮುದ್ರದಲ್ಲಿ ರಾಶಿ ಇಡಿ ಎಷ್ಟಕ್ಕೆ ಹೋಯಿತು ಎಂಬುದು ಕಾರ್ಯದರ್ಶಿಗಿಂತ ಮೊದಲೇ ನಿಮಗೆ ಫೋನಿನಲ್ಲಿ ತಿಳಿದಿರುತ್ತದೆ. ಸಂಘದ ಗೋದಾಮಿನಲ್ಲಿ ಗೊಬ್ಬರದ ಚೀಲಗಳ ಹಿಂದೆ ಒಂದು ಔಷಧಿಯ ಕಪಾಟು ಇದೆಯಲ್ಲ, ಅದರ ಬೀಗದಕೈ ನನ್ನ ಹತ್ತಿರ ಇರುತ್ತದೆ. ಆ ಕಪಾಟಿನ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡು, ಮುಂದೂಡುತ್ತಾ ಬಂದಿದ್ದೆ.

ಮೊದಲು ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. 2010ರ ಸುಮಾರಿಗೆ, ಜೋಗಿಮಟ್ಟಿಯ ಗುಡ್ಡಸಾಲು ಕಾಣುವಷ್ಟು ದೂರದಲ್ಲಿರುವ ನನ್ನ ತೋಟದಲ್ಲಿ ಅಣಬೆ ರೋಗ ಬಿದ್ದಿತ್ತು. ಒಂದು ಸಾಲಿನಲ್ಲಿ ಏಳೆಂಟು ಮರ ಸೊರಗಿ, ಬುಡದಲ್ಲಿ ಕಂದು ರಸ ಒಸರುತ್ತಿತ್ತು. ಆಗ ಎಲ್ಲರೂ ಮಾಡುತ್ತಿದ್ದುದನ್ನೇ ನಾನೂ ಮಾಡಿಸಿದೆ: ಲೀಟರಿಗೆ 15 ಮಿಲಿಯಂತೆ ಟ್ರೈಡೆಮಾರ್ಫ್ ಕಲಸಿ, ಒಂದು ಎಳೆಯ ಬೇರನ್ನು ಓರೆಯಾಗಿ ಕೊಯ್ದು, 125 ಮಿಲಿ ದ್ರಾವಣವಿದ್ದ ಪ್ಲಾಸ್ಟಿಕ್ ಚೀಲವನ್ನು ಆ ಬೇರಿಗೆ ಕಟ್ಟುವುದು. ಕ್ಯಾಲಿಕ್ಸಿನ್ ಎಂದರೆ ಹಳಬರಿಗೆಲ್ಲ ನೆನಪಾಗುತ್ತದೆ. ಅದು ಶಿಫಾರಸು ಆಗಿದ್ದ ಔಷಧಿ; ಕದ್ದು ಮಾಡಿದ ಕೆಲಸವೇನಲ್ಲ. ಚೀಲ ಕಟ್ಟುವುದು ನಾಜೂಕಿನ ಕೆಲಸ, ಗಂಡಾಳಿನ ಕೈಯಲ್ಲಿ ಅರ್ಧ ಚೆಲ್ಲಿಹೋಗುತ್ತದೆ ಎಂದು ಹೆಣ್ಣಾಳುಗಳನ್ನು ಹಚ್ಚಿದ್ದೆ. ಎಲ್ಲರದ್ದೂ ಬರಿಗೈ.

ನಮ್ಮಲ್ಲಿ ವರ್ಷಗಳಿಂದ ಕೆಲಸಕ್ಕೆ ಬರುತ್ತಿದ್ದ ಒಬ್ಬ ಹಿರಿಯ ಹೆಂಗಸು ನನ್ನ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದಳು: "ಯಜಮಾನ್ರೆ, ನನ್ನ ಸೊಸಿಗೆ ಮೂರು ತಿಂಗಳು. ಈ ಎಣ್ಣೆ ಅವಳು ಮುಟ್ಟಬಹುದಾ?"

ನಾನು ಬಿ.ಎಸ್ಸಿ. ಓದಿದವನು. ಬಾಟಲಿಯನ್ನು ತಿರುಗಿಸಿ ನೋಡಿದೆ. ಜೊತೆಗೆ ಬಂದಿದ್ದ ಚೀಟಿಯನ್ನು ಬಿಡಿಸಿ, ಕನ್ನಡಕ ಏರಿಸಿ ಓದಿದೆ. ಕಣ್ಣಿಗೆ ಬಿದ್ದರೆ ಏನು ಮಾಡಬೇಕು, ಹೊಟ್ಟೆಗೆ ಹೋದರೆ ಏನು ಮಾಡಬೇಕು ಎಂದೆಲ್ಲ ಇತ್ತು. ಬಸಿರಿನ ಮಾತು ನನ್ನ ಕಣ್ಣಿಗೆ ಬೀಳಲಿಲ್ಲ. "ಸೋಪು ಹಾಕಿ ಕೈ ತೊಳ್ಕೊಳ್ಳಿ, ಏನೂ ಆಗಲ್ಲ" ಎಂದುಬಿಟ್ಟೆ. ಆಕೆ ನನ್ನ ಮುಖವನ್ನು ಒಂದು ಗಳಿಗೆ ನೋಡಿ, ಸೊಸೆಯನ್ನು ಕರೆದು ಬೇಲಿಯಂಚಿನಲ್ಲಿ ಸೋಗೆ ಆಯಲು ಕಳಿಸಿದಳು. ಸೊಸೆಯ ಪಾಲಿನ ಚೀಲಗಳನ್ನು ತಾನೇ ಕಟ್ಟಿದಳು. ಆ ಮಗು ಚೆನ್ನಾಗಿಯೇ ಹುಟ್ಟಿತು, ಈಗ ಪಿ.ಯು.ಸಿ. ವಯಸ್ಸು. ಅದರಲ್ಲಿ ನನ್ನ ಪದವಿಯ ಪಾತ್ರ ಏನೂ ಇಲ್ಲ.

ನಮ್ಮ ಸರಕಾರ ಟ್ರೈಡೆಮಾರ್ಫನ್ನು ನಿಷೇಧಿಸಿದ್ದು 2018ರ ಆಗಸ್ಟ್‌ನಲ್ಲಿ. ಆಗಲಾದರೂ ಕಾರಣ ತಿಳಿಯೋಣವೆಂದು ಹುಡುಕಿದೆ. ಯುರೋಪಿನ ದೇಶಗಳು 2008ರಲ್ಲಿ ಮಾಡಿಕೊಂಡ ರಾಸಾಯನಿಕಗಳ ವರ್ಗೀಕರಣದ ಕಾನೂನಿಗೆ ಒಂದು ಉದ್ದದ ಅನುಬಂಧ ಇದೆ. ಅದರಲ್ಲಿ ಟ್ರೈಡೆಮಾರ್ಫಿನ ಹೆಸರಿನ ಮುಂದೆ "ಸಂತಾನಶಕ್ತಿಗೆ ಹಾನಿಕರ, ವರ್ಗ 1ಬಿ; ಹೊಟ್ಟೆಯಲ್ಲಿರುವ ಮಗುವಿಗೆ ಹಾನಿ ಮಾಡಬಹುದು" ಎಂಬ ಅರ್ಥದ ಒಕ್ಕಣೆ ಇದೆ. ಅಂದರೆ ಆ ಹೆಂಗಸು ನನ್ನನ್ನು ಕೇಳಿದ ಪ್ರಶ್ನೆಗೆ ಉತ್ತರ ಆ ಹೊತ್ತಿಗಾಗಲೇ ಅಚ್ಚಾಗಿತ್ತು. ಯಾರು ಬೇಕಾದರೂ ಓದಬಹುದಾದ ಸರಕಾರಿ ಪಟ್ಟಿಯಲ್ಲಿತ್ತು. ನಮ್ಮ ತೋಟಕ್ಕೆ ಮಾತ್ರ ಬಂದಿರಲಿಲ್ಲ.

ನಮ್ಮಲ್ಲಿ ಇರುವುದು ತ್ರಿಕೋನ. ಡಬ್ಬಿಯ ಮೇಲೆ ಕೆಂಪು, ಹಳದಿ, ನೀಲಿ, ಹಸಿರು ಎಂದು ನಾಲ್ಕು ಬಣ್ಣ. ಕೆಂಪಾದರೆ ತಲೆಬುರುಡೆ, ಹುಷಾರು. ಹಸಿರಾದರೆ ಪರವಾಗಿಲ್ಲ, ಮಕ್ಕಳ ಕೈಲಿ ಕಲಸಿಸಿದರೂ ನಡೆಯುತ್ತದೆ ಎಂಬುದು ನಮ್ಮ ಲೆಕ್ಕ. ಆ ಬಣ್ಣ ಏನನ್ನು ಅಳೆಯುತ್ತದೆಂದು ಎಷ್ಟು ಜನ ಕೇಳಿದ್ದೇವೆ? 1968ರ ಕೀಟನಾಶಕ ಕಾಯ್ದೆ, ಅದರಡಿ 1971ರಲ್ಲಿ ಬಂದ ನಿಯಮಗಳು, ಇವುಗಳ ಪ್ರಕಾರ ಬಣ್ಣ ನಿರ್ಧಾರವಾಗುವುದು ತಕ್ಷಣ ಕೊಲ್ಲುವ ಶಕ್ತಿಯ ಮೇಲೆ. ಪ್ರಯೋಗದ ಪ್ರಾಣಿಗಳಲ್ಲಿ ಅರ್ಧದಷ್ಟನ್ನು ಸಾಯಿಸಲು ತೂಕದ ಕಿಲೋ ಒಂದಕ್ಕೆ ಎಷ್ಟು ಮಿಲಿಗ್ರಾಂ ಬಾಯಿಯ ಮೂಲಕ ಕೊಡಬೇಕು ಎಂಬ ಲೆಕ್ಕ ಅದು. 50ರೊಳಗಾದರೆ ಕೆಂಪು, 5000 ದಾಟಿದರೆ ಹಸಿರು. ಹಸಿರು ಎಂದರೆ ಕುಡಿದವನು ಸುಲಭಕ್ಕೆ ಸಾಯುವುದಿಲ್ಲ ಎಂದು ಅರ್ಥ, ಅಷ್ಟೇ. ಹತ್ತು ವರ್ಷ ಅದನ್ನು ಹೊಡೆದವನಿಗೆ ಮಕ್ಕಳಾಗುತ್ತವೆಯೇ, ಬಸುರಿ ಮುಟ್ಟಬಹುದೇ ಎಂಬುದಕ್ಕೂ ಆ ಬಣ್ಣಕ್ಕೂ ಸಂಬಂಧವೇ ಇಲ್ಲ.

ಹಿಂಗಾರ ಒಣಗುವುದಕ್ಕೆ, ಎಲೆಚುಕ್ಕೆಗೆ ನಾವು ಚೀಲಗಟ್ಟಲೆ ಒಯ್ಯುವ ಮ್ಯಾಂಕೋಜೆಬ್ ಹಸಿರು ತ್ರಿಕೋನದ ಪುಡಿ. ಕಾರ್ಬೆಂಡಜಿಮ್ ಕೂಡ ಹಸಿರೇ. ಯುರೋಪಿನ ಪಟ್ಟಿಯಲ್ಲಿ ಕಾರ್ಬೆಂಡಜಿಮ್ 1ಬಿ. ಮ್ಯಾಂಕೋಜೆಬ್ಬನ್ನು ಅಲ್ಲಿನ ತಜ್ಞರ ಸಮಿತಿ 2019ರಲ್ಲಿ ಅದೇ 1ಬಿ ವರ್ಗಕ್ಕೆ ಸೇರಿಸಬೇಕೆಂದು ಅಭಿಪ್ರಾಯ ಕೊಟ್ಟಿತು. 2020ರ ಡಿಸೆಂಬರಿನಲ್ಲಿ ಅದರ ಪರವಾನಗಿ ನವೀಕರಣವಾಗಲಿಲ್ಲ. ನಮ್ಮ ಸಂಘದ ರಶೀದಿ ಪುಸ್ತಕ ತೆಗೆದು ನೋಡಿದರೆ ಶಿಲೀಂಧ್ರನಾಶಕಗಳಲ್ಲಿ ಹೆಚ್ಚು ಹೋಗುವುದು ಇವೆರಡೇ. ಇವುಗಳ ಮೇಲೆ ಸಂಘಕ್ಕೆ ಲಾಭಾಂಶವೂ ಬರುತ್ತದೆ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ.

ಆ 1ಬಿ ಎಂದರೇನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮನುಷ್ಯರಲ್ಲೇ ಹಾನಿ ಕಂಡು ಗಟ್ಟಿಯಾಗಿದ್ದರೆ 1ಎ. ಸೀಸ, ಹಿಂದೆ ಇಲಿಗೆ ಇಡುತ್ತಿದ್ದ ವಾರ್ಫರಿನ್ ಇವೆಲ್ಲ ಅಲ್ಲಿವೆ. ಪ್ರಾಣಿಗಳ ಮೇಲಿನ ಪರೀಕ್ಷೆಯಲ್ಲಿ ಸ್ಪಷ್ಟ ಸಾಕ್ಷಿ ಸಿಕ್ಕು, ಮನುಷ್ಯರಿಗೂ ಹಾಗೆಯೇ ಆಗುತ್ತದೆಂದು ನಂಬಲು ಕಾರಣವಿದ್ದರೆ 1ಬಿ. ಅನುಮಾನ ಮಾತ್ರ ಇದ್ದರೆ 2. ಅದರ ಜೊತೆಗೆ ಎರಡು ಅಕ್ಷರ: ಎಫ್ ಎಂದರೆ ಗಂಡು ಹೆಣ್ಣಿನ ಫಲವಂತಿಕೆಗೆ ಪೆಟ್ಟು, ಡಿ ಎಂದರೆ ಗರ್ಭದಲ್ಲಿನ ಮಗುವಿಗೆ ಪೆಟ್ಟು. ಎದೆಹಾಲಿಗೆಂದೇ ಬೇರೆ ಒಕ್ಕಣೆ ಉಂಟು. ಕಾಫಿಯವರು ಇದನ್ನು ಗಮನಿಸಬೇಕು. ಬಿಳಿ ಕಾಂಡಕೊರಕಕ್ಕೆಂದು ವರ್ಷಕ್ಕೆರಡು ಸಲ ಗಿಡದ ಕಾಂಡಕ್ಕೆ ಬಳಿಸುತ್ತಿದ್ದಿರಲ್ಲ, ಆ ಲಿಂಡೇನ್, ಹಾಲೂಡುವ ಮಗುವಿಗೆ ಹಾನಿ ಮಾಡಬಹುದೆಂಬ ಒಕ್ಕಣೆಯೊಂದಿಗೆ ಆ ಪಟ್ಟಿಯಲ್ಲಿದೆ. ನಮ್ಮ ದೇಶದಲ್ಲಿ ಅದರ ಬಳಕೆ ನಿಂತದ್ದು 2013ರ ಮಾರ್ಚ್‌ನಲ್ಲಿ. ಅಲ್ಲಿಯವರೆಗೆ ಎಸ್ಟೇಟಿನ ಲೈನ್‌ಮನೆಗಳ ಬಾಣಂತಿಯರಲ್ಲಿ ಎಷ್ಟು ಜನ ಆ ಬಕೆಟ್ಟು ಹೊತ್ತರೋ, ಯಾವ ಪುಸ್ತಕದಲ್ಲೂ ಲೆಕ್ಕವಿಲ್ಲ.

ಇಂಥ ಪಟ್ಟಿಗಳನ್ನು ಸರಕಾರಗಳು ಪುಣ್ಯಕ್ಕೆ ಪ್ರಕಟಿಸುತ್ತವೆ ಎಂದು ತಿಳಿಯಬೇಡಿ. ಪ್ರತಿಯೊಂದರ ಹಿಂದೆ ಯಾರೋ ನೊಂದವರು ಇರುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1977ರಲ್ಲಿ ನಡೆದದ್ದು ಹೀಗೆ. ಲ್ಯಾಥ್ರಪ್ ಎಂಬ ಊರಿನ ಕಾರ್ಖಾನೆಯೊಂದರಲ್ಲಿ ಜಂತುಹುಳುವಿಗೆ ಹಾಕುವ ಡಿಬಿಸಿಪಿ ಎಂಬ ಔಷಧಿ ತಯಾರಾಗುತ್ತಿತ್ತು. ನೆಮಗಾನ್ ಎಂಬ ಹೆಸರಿನಲ್ಲಿ ಮಾರಾಟವಾಗುತ್ತಿದ್ದುದು ಇದೇ. ಕೆಲಸದ ಗಂಡಸರು ಬಿಡುವಿನಲ್ಲಿ ಮಾತಾಡಿಕೊಳ್ಳುತ್ತಾ, ತಮ್ಮಲ್ಲಿ ಬಹಳ ಜನಕ್ಕೆ ಮಕ್ಕಳೇ ಆಗಿಲ್ಲವಲ್ಲ ಎಂಬುದನ್ನು ಗಮನಿಸಿದರು. ಪರೀಕ್ಷೆ ಮಾಡಿಸಿದರೆ ಹಲವರಲ್ಲಿ ವೀರ್ಯಾಣುಗಳೇ ಇರಲಿಲ್ಲ. ಇಲಿಗಳ ವೃಷಣ ಸುರುಟಿಹೋದದ್ದನ್ನು 1961ರಲ್ಲೇ ವಿಜ್ಞಾನಿಗಳು ಬರೆದಿಟ್ಟಿದ್ದರು. ಹದಿನಾರು ವರ್ಷ ಅದು ಕಾಗದದಲ್ಲೇ ಉಳಿಯಿತು. 1986ರ ನವೆಂಬರಿನಲ್ಲಿ ಆ ರಾಜ್ಯದ ಮತದಾರರೇ ಓಟು ಹಾಕಿ ಒಂದು ಕಾನೂನು ತಂದರು: ಕ್ಯಾನ್ಸರಿಗೆ, ಸಂತಾನಹಾನಿಗೆ ಕಾರಣವಾಗುವ ರಾಸಾಯನಿಕಗಳ ಪಟ್ಟಿಯನ್ನು ಸರಕಾರ ಪ್ರಕಟಿಸಿ, ವರ್ಷಕ್ಕೊಮ್ಮೆಯಾದರೂ ತಿದ್ದಬೇಕು, ಅವನ್ನು ಜನರ ಮೈಗೆ ತಾಗಿಸುವವನು ಮೊದಲೇ ಎಚ್ಚರಿಸಬೇಕು. 1987ರ ಫೆಬ್ರವರಿಯ ಮೊದಲ ಪಟ್ಟಿಯಲ್ಲೇ ಡಿಬಿಸಿಪಿ ಇತ್ತು, ಮುಂದೆ "ಗಂಡಸು" ಎಂಬ ಪದದೊಂದಿಗೆ.

ಆ ಒಂದು ಪದದ ಮೇಲೆ ನನಗೆ ಬಹಳ ಗೌರವ. ನಮ್ಮ ಕಡೆ ಮದುವೆಯಾಗಿ ಮೂರು ವರ್ಷ ಮಕ್ಕಳಾಗದಿದ್ದರೆ ದೋಷ ಹೆಂಗಸಿನದೇ. ಅವಳನ್ನೇ ಡಾಕ್ಟರ ಹತ್ತಿರ, ದೇವರ ಹತ್ತಿರ, ಕೊನೆಗೆ ತವರಿಗೆ ಕಳಿಸುತ್ತಾರೆ. ಗಂಡ ಹದಿನೆಂಟನೇ ವಯಸ್ಸಿನಿಂದ ಪವರ್ ಸ್ಪ್ರೇಯರ್ ಬೆನ್ನಿಗೆ ಹಾಕಿಕೊಂಡು ದಿನಗೂಲಿಗೆ ಎಣ್ಣೆ ಹೊಡೆದವನಾಗಿದ್ದರೂ ಅವನನ್ನು ಯಾರೂ ಏನೂ ಕೇಳುವುದಿಲ್ಲ. ಎಣ್ಣೆಯೇ ಕಾರಣವೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ನನ್ನ ಹತ್ತಿರ ಸಾಕ್ಷಿ ಇಲ್ಲ. ಕೇಳಬೇಕಾದ ಪ್ರಶ್ನೆಯನ್ನೇ ಕೇಳುತ್ತಿಲ್ಲ ಎನ್ನುತ್ತಿದ್ದೇನೆ.

ಇಲ್ಲಿ ನಮ್ಮವರೇ ಕೆಲವರು ಎದ್ದುನಿಂತು ಕೇಳುತ್ತಾರೆ: "ಸೆಕ್ರೆಟರಿಗಳೇ, ಆ ಕ್ಯಾಲಿಫೋರ್ನಿಯಾದ ಪಟ್ಟಿಯಲ್ಲಿ ನಮ್ಮ ಅಡಿಕೆಯೂ ಇದೆಯಲ್ಲ?" ಇದೆ. 2004ರ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ವರದಿಯನ್ನು ಹಿಡಿದು 2006ರಲ್ಲಿ ಸೇರಿಸಿದರು, ಕ್ಯಾನ್ಸರಿನ ಕಲಂನಲ್ಲಿ. ಕಾಫಿಯವರಿಗೂ ಬಿಸಿ ತಟ್ಟಿದೆ. ಬೀಜ ಹುರಿಯುವಾಗ ಹುಟ್ಟುವ ಅಕ್ರಿಲಮೈಡ್ ಆ ಪಟ್ಟಿಯಲ್ಲಿ 1990ರಿಂದ ಕ್ಯಾನ್ಸರಿಗಾಗಿ, 2011ರಿಂದ ಸಂತಾನಹಾನಿಗಾಗಿಯೂ ಇದೆ. ಕಾಫಿ ಲೋಟದ ಮೇಲೆ ಕ್ಯಾನ್ಸರ್ ಎಚ್ಚರಿಕೆ ಹಾಕಬೇಕೆಂದು 2018ರಲ್ಲಿ ಅಲ್ಲಿಯ ನ್ಯಾಯಾಧೀಶರೊಬ್ಬರು ಹೇಳಿದರು. 2019ರಲ್ಲಿ ಸರಕಾರವೇ ನಿಯಮ ಮಾಡಿ ಕಾಫಿಗೆ ಆ ಎಚ್ಚರಿಕೆ ಬೇಡವೆಂದಿತು. ಅಲ್ಲಿ ಹೋಟೆಲು, ಪೆಟ್ರೋಲ್ ಬಂಕು, ವಾಹನ ನಿಲ್ಲಿಸುವ ಜಾಗ, ಎಲ್ಲೆಲ್ಲೂ ಎಚ್ಚರಿಕೆಯ ಫಲಕ. ತೋಳ ಬಂತು ತೋಳ ಎಂದು ದಿನಾ ಕೂಗಿದರೆ ಯಾರು ತಿರುಗಿ ನೋಡುತ್ತಾರೆ? ಆ ದೋಷ ಅಲ್ಲಿದೆ, ಒಪ್ಪುತ್ತೇನೆ. ಆದರೆ ನಮ್ಮ ಬೆಳೆ ಪಟ್ಟಿಯಲ್ಲಿ ಬಂದಾಗ ಪಟ್ಟಿಯನ್ನೇ ಬೈದು, ನಮ್ಮ ಆಳುಗಳ ಕೈಗೆ ಕೊಡುವ ವಿಷ ಅದೇ ಪಟ್ಟಿಯಲ್ಲಿದ್ದರೆ ಕಣ್ಣು ಮುಚ್ಚುವುದು ಯಾವ ನ್ಯಾಯ? ಬೇರುಹುಳುವಿಗೆ ಸುರಿಯುವ ಕ್ಲೋರ್‌ಪೈರಿಫಾಸ್ 2017ರ ಡಿಸೆಂಬರಿನಿಂದ ಆ ಪಟ್ಟಿಯಲ್ಲಿ ಗರ್ಭದ ಶಿಶುವಿಗೆ ಹಾನಿಕರ ಎಂದೇ ಇದೆ. ನಮ್ಮ ಕಪಾಟಿನಲ್ಲಿ ಮೇಲಿನಿಂದ ಎರಡನೇ ಅರೆಯಲ್ಲಿದೆ.

"ಇದೆಲ್ಲ ಬಿಳಿಯರ ವ್ಯಾಪಾರದ ಹುನ್ನಾರ, ಅಗ್ಗದ ಔಷಧಿ ನಿಲ್ಲಿಸಿ ದುಬಾರಿಯದನ್ನು ಮಾರಲು" ಎಂಬ ಮಾತೂ ಇದೆ. ಎಂಡೋಸಲ್ಫಾನ್ ಗಲಾಟೆಯ ಕಾಲದಲ್ಲಿ ಇದನ್ನು ಬಹಳ ಕೇಳಿದೆವು. ವ್ಯಾಪಾರದ ವಾಸನೆ ಅದರಲ್ಲಿ ಸ್ವಲ್ಪವೂ ಇಲ್ಲವೆಂದು ನಾನು ಆಣೆ ಮಾಡಲಾರೆ. ಆದರೆ ಪಡ್ರೆ ಯುರೋಪಿನಲ್ಲಿಲ್ಲ. ಕಾಸರಗೋಡಿನ ಎಣ್ಮಕಜೆ ಪಂಚಾಯಿತಿಯ, ಕನ್ನಡ ಓದುವ ಜನರ ಊರು ಅದು. ಅಲ್ಲಿಯವರೂ ನಮ್ಮಂತೆ ಅಡಿಕೆ ಬೆಳೆಯುವವರೇ. ಮೇಲೆ ಗುಡ್ಡದ ತುಂಬ ಕೇರಳ ಪ್ಲಾಂಟೇಷನ್ ಕಾರ್ಪೊರೇಷನ್ನಿನ ಗೇರುತೋಟ, ಕೆಳಗೆ ಸುರಂಗದ ನೀರು ಕುಡಿಯುವ ಮನೆಗಳು. 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಪತ್ರಕರ್ತ ಶ್ರೀ ಪಡ್ರೆಯವರು 1980ರ ದಶಕದ ಆರಂಭದಲ್ಲೇ ಬರೆದರು, ವಾಣಿನಗರದ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಬಳಿ ಬರುವ ರೋಗಿಗಳಲ್ಲಿ ಕಂಡದ್ದನ್ನು ಬರೆದಿಟ್ಟು ಎಲ್ಲರಿಗೂ ಕಾಗದ ಹಾಕಿದರು. ಲೀಲಾಕುಮಾರಿ ಅಮ್ಮ ಎಂಬ ಕೃಷಿ ಇಲಾಖೆಯ ನೌಕರಳೇ 1998ರಲ್ಲಿ ಹೊಸದುರ್ಗದ ಮುನ್ಸೀಫ್ ಕೋರ್ಟಿಗೆ ಹೋಗಿ ತಡೆ ತಂದರು. ನಮ್ಮ ಹೊಸದುರ್ಗವಲ್ಲ, ಕಾಸರಗೋಡು ಜಿಲ್ಲೆಯ ಹೊಸದುರ್ಗ. ಪಡ್ರೆಯ ಅಕ್ಕಪಕ್ಕದ ಒಂದು ಜಾಗಕ್ಕೆ ಸ್ವರ್ಗ ಎಂದೇ ಹೆಸರು. ಹೆಸರಿಟ್ಟ ಹಿರಿಯರಿಗೆ ಮುಂದಿನದು ಗೊತ್ತಿರಲಿಲ್ಲ.

ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಪಡ್ರೆಯ 117 ಹುಡುಗರನ್ನು, ಔಷಧಿ ಬೀಳದ ಬೇರೊಂದು ಊರಿನ 90 ಹುಡುಗರನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿತ್ತು. ಪುರುಷ ಹಾರ್ಮೋನಿನಲ್ಲಿಯೂ ವ್ಯತ್ಯಾಸವಿತ್ತು. ಇದು ನಮ್ಮದೇ ಸರಕಾರದ ಸಂಸ್ಥೆಯ ಮಾತು, ಯಾವ ಬಿಳಿಯರದ್ದೂ ಅಲ್ಲ. ಅಷ್ಟಾದರೂ 2011ರ ಏಪ್ರಿಲ್‌ನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಎಂಡೋಸಲ್ಫಾನ್ ಸೇರುವವರೆಗೆ ಅದಕ್ಕೆ ಅಡ್ಡ ನಿಂತವರಲ್ಲಿ ನಮ್ಮ ದೇಶವೇ ಮುಂದಿತ್ತು. ಸುಪ್ರೀಂ ಕೋರ್ಟು ಆ ವರ್ಷ ಮೇ 13ರಂದು ತಡೆ ಹಾಕಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಕೇರಳ ಸರಕಾರಕ್ಕೆ ಹೇಳಿತು. ಪ್ರಬಂಧ ಅಚ್ಚಾದದ್ದು 2003ರಲ್ಲಿ, ತಡೆ ಬಂದದ್ದು 2011ರಲ್ಲಿ; ಮಧ್ಯದ ಎಂಟು ವರ್ಷ ನಾನೂ ಸಂಘದಿಂದ ಎಂಡೋಸಲ್ಫಾನ್ ಮಾರಿದ್ದೇನೆ.

ಈಗ ನಮ್ಮ ಸರಕಾರದ ಪಟ್ಟಿಗೆ ಬರೋಣ. ಇಲ್ಲವೆಂದಲ್ಲ. ನಿಷೇಧಿತ, ನಿರ್ಬಂಧಿತ ಕೀಟನಾಶಕಗಳ ಪಟ್ಟಿಯನ್ನು ಕೇಂದ್ರ ಪ್ರಕಟಿಸುತ್ತದೆ. ಹೆಸರಿರುತ್ತದೆ, ಗೆಜೆಟ್ಟಿನ ಸಂಖ್ಯೆ ಇರುತ್ತದೆ. ಏಕೆ ನಿಷೇಧ, ಮುಟ್ಟಿದವರಿಗೆ ಏನಾಗುತ್ತದೆ ಎಂಬ ಕಲಂ ಮಾತ್ರ ಇರುವುದಿಲ್ಲ. 2018ರ ಆದೇಶದಲ್ಲಿ ಟ್ರೈಡೆಮಾರ್ಫಿನ ಜೊತೆಗೆ ಬೆನೊಮಿಲ್ ಕೂಡ ನಿಂತಿತು. ಬೆನೊಮಿಲ್ಲನ್ನು ನೀರಿಗೆ ಹಾಕಿದರೆ ಒಡೆದು ಆಗುವುದೇ ಕಾರ್ಬೆಂಡಜಿಮ್. ತಾಯಿಯನ್ನು ಊರಿಂದ ಹೊರಗೆ ಹಾಕಿ, ಮಗಳನ್ನು ಅಂಗಡಿಯಲ್ಲಿ ಕೂರಿಸಿದ ಹಾಗಾಯಿತು. 2020ರ ಮೇ ತಿಂಗಳಲ್ಲಿ 27 ಔಷಧಿಗಳನ್ನು ನಿಲ್ಲಿಸುವ ಕರಡು ಬಂತು. ಮ್ಯಾಂಕೋಜೆಬ್, ಕಾರ್ಬೆಂಡಜಿಮ್, ಕ್ಲೋರ್‌ಪೈರಿಫಾಸ್ ಮೂರೂ ಅದರಲ್ಲಿದ್ದವು. ಆ ಕರಡಿನಲ್ಲಿ ಒಂದೊಂದರ ಮುಂದೆಯೂ ಕಾರಣ ಬರೆದಿದ್ದರು, ಓದಿ ಸಂತೋಷಪಟ್ಟಿದ್ದೆ. 2023ರ ಅಂತಿಮ ಆದೇಶದಲ್ಲಿ ಡೈಕೋಫಾಲ್, ಡಿನೋಕ್ಯಾಪ್, ಮೆಥೊಮಿಲ್ ಪೂರ್ತಿ ಹೋದವು, ಇನ್ನು ಕೆಲವಕ್ಕೆ ಅಲ್ಲಲ್ಲಿ ಕತ್ತರಿ ಬಿತ್ತು, ಉಳಿದವು ಉಳಿದುಕೊಂಡವು. ಮ್ಯಾಂಕೋಜೆಬ್ ತಯಾರಿಸುವ ದೊಡ್ಡ ದೇಶಗಳಲ್ಲಿ ನಮ್ಮದೂ ಒಂದು ಎಂಬುದನ್ನು ನೆನಪಿಟ್ಟರೆ ಬಹಳ ಆಶ್ಚರ್ಯವಾಗುವುದಿಲ್ಲ.

ಹಾಗೆಂದು ಪಟ್ಟಿಯಲ್ಲಿ ಹೆಸರಿದ್ದುದನ್ನೆಲ್ಲ ತಿಪ್ಪೆಗೆ ಹಾಕಿ ಎನ್ನುವವನು ನಾನಲ್ಲ. ಕಾಯಿ ಸೀಳುವುದಕ್ಕೆ ಲೀಟರಿಗೆ 2 ಗ್ರಾಂ ಹಾಕಿ ಹೊಡೆಸುವ ಬೋರಾಕ್ಸ್ ಕೂಡ ಯುರೋಪಿನ ಪಟ್ಟಿಯಲ್ಲಿ 1ಬಿ. ಪ್ರಾಣಿಗಳಿಗೆ ಬಹಳ ತಿನ್ನಿಸಿದಾಗ ಕಂಡ ದೋಷ ಅದು. ಬೋರಾನ್ ಇಲ್ಲದೆ ಮರವೂ ಬದುಕುವುದಿಲ್ಲ. ಪಟ್ಟಿ ಹೇಳುವುದು ವಸ್ತುವಿನ ಗುಣವನ್ನು. ಎಷ್ಟು, ಯಾರ ಮೈಗೆ, ಎಷ್ಟು ದಿನ ಎಂಬುದನ್ನು ನಾವು ನೋಡಿಕೊಳ್ಳಬೇಕು. ಬೋರಾಕ್ಸಿಗೆ ಕೈಗವಸು, ಮೂಗಿಗೆ ಬಟ್ಟೆ, ಬಸುರಿಯನ್ನು ದೂರ ಇಡುವುದು, ಇಷ್ಟು ಸಾಕು. ಕಾರ್ಬೆಂಡಜಿಮ್ಮಿಗೆ ಬದಲಿ ಇರುವಾಗ ಅದನ್ನೇ ಏಕೆ ಹಿಡಿದುಕೊಳ್ಳಬೇಕು? ಅಣಬೆ ರೋಗಕ್ಕೆ ನಾನು ಈಗ ಬಸಿಗಾಲುವೆ ಆಳ ಮಾಡಿಸಿ, ರೋಗದ ಮರದ ಸುತ್ತ ಚರಂಡಿ ತೆಗೆಸಿ, ಮರಕ್ಕೆ 2 ಕಿಲೋ ಬೇವಿನ ಹಿಂಡಿಯೊಂದಿಗೆ ಟ್ರೈಕೋಡರ್ಮಾ ಕೊಡುತ್ತಿದ್ದೇನೆ. ಕೆಲವು ಮರ ಹೋದವು. ಟ್ರೈಡೆಮಾರ್ಫ್ ಕಟ್ಟಿದ ಕಾಲದಲ್ಲೂ ಹೋಗಿದ್ದವು.

ಆಡಳಿತ ಮಂಡಳಿಯ ಮುಂದೆ ನಾನು ಇಟ್ಟಿರುವುದು ಇಷ್ಟು. ಸಂಘದ ಕಪಾಟಿನ ಪಕ್ಕದಲ್ಲಿ ಒಂದು ಕಪ್ಪು ಹಲಗೆ. ನಾವು ಮಾರುವ ಪ್ರತಿ ಔಷಧಿಯ ಹೆಸರು, ತ್ರಿಕೋನದ ಬಣ್ಣ, ಅದರ ಪಕ್ಕ ಇನ್ನೊಂದು ಕಲಂ: ಬಸುರಿ, ಬಾಣಂತಿ, ಪ್ರಾಯದ ಗಂಡಸು, ಯಾರಿಗೆ ಆಗದು ಎಂದು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ. ಓದಲು ಬಾರದವರಿಗೆ ಮಾರುವ ಹುಡುಗ ಬಾಯಲ್ಲಿ ಹೇಳಬೇಕು. ಯುರೋಪಿನ ಮತ್ತು ಕ್ಯಾಲಿಫೋರ್ನಿಯಾದ ಪಟ್ಟಿಗಳನ್ನು ನೋಡಿ ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ನಾನೇ ತಿದ್ದುತ್ತೇನೆ. ಮಂಡಳಿಯ ಒಬ್ಬರು, ಹೀಗೆ ಬರೆದರೆ ವ್ಯಾಪಾರ ಪಕ್ಕದ ಖಾಸಗಿ ಅಂಗಡಿಗೆ ಹೋಗುತ್ತದೆ ಎಂದರು. ಹೋಗಬಹುದು. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಇದು ಏಳನೇ ವಿಷಯ. ಊಟಕ್ಕೆ ಎದ್ದುಹೋಗುವ ಹೊತ್ತಿಗೆ ಬರುತ್ತದೆ, ದಯವಿಟ್ಟು ಕುಳಿತಿರಿ.

ಇನ್ನೊಂದು ಕೋರಿಕೆ. ನಿಮ್ಮ ಪಂಪ್‌ಹೌಸಿನ ಅಟ್ಟ, ಅಟ್ಟಣಿಗೆ, ಹಳೇ ಸ್ಪ್ರೇಯರಿನ ಪೆಟ್ಟಿಗೆ ಹುಡುಕಿ ನೋಡಿ. ಹೋದ ತಿಂಗಳು ನನ್ನ ಪಂಪ್‌ಹೌಸಿನಲ್ಲೇ ಕ್ಯಾಲಿಕ್ಸಿನ್ನಿನ ಒಂದು ಬಾಟಲಿ ಸಿಕ್ಕಿತು, ಕಾಲುಭಾಗ ಉಳಿದಿತ್ತು. ಹಳ್ಳಕ್ಕೆ ಸುರಿಯುವಂತಿಲ್ಲ, ಸುಡುವಂತಿಲ್ಲ. ಎಲ್ಲಿ ಒಪ್ಪಿಸಬೇಕೆಂದು ಸಂಬಂಧಪಟ್ಟ ಕಚೇರಿಗೆ ಬರೆದು ಐದು ವಾರವಾಯಿತು. ಉತ್ತರ ಬರುವವರೆಗೆ ಅದಕ್ಕೆ ಚೀಟಿ ಅಂಟಿಸಿ, ಸಂಘದ ಕಪಾಟಿನ ಕೆಳಗಿನ ಅರೆಯಲ್ಲಿ ಬೀಗ ಹಾಕಿ ಇಟ್ಟಿದ್ದೇನೆ. ನಿಮ್ಮಲ್ಲಿರುವುದನ್ನೂ ತಂದುಕೊಡಿ, ರಶೀದಿ ಕೊಡುತ್ತೇನೆ.

— ಕಾರ್ಯದರ್ಶಿ